ಎಂಬಿಎ ಓದಿಗೆ ಸಾಲ: ಸಹಿ ಹಾಕುವ ಮೊದಲು ಒಂದು ಲೆಕ್ಕ

ಬಿ.ಕಾಂ., ಬಿಬಿಎ ಕೊನೆಯ ಸೆಮಿಸ್ಟರ್ ಮುಗಿಯುವ ಹೊತ್ತಿಗೆ ದಾವಣಗೆರೆ, ಶಿವಮೊಗ್ಗ, ಹುಬ್ಬಳ್ಳಿ, ಕಲಬುರಗಿಯ ಮನೆಮನೆಗಳಲ್ಲಿ ‘ಮುಂದೇನು?’ ಎಂಬ ಮಾತು ಶುರುವಾಗುತ್ತದೆ. ಬಹಳಷ್ಟು ಮನೆಗಳಲ್ಲಿ ಅದಕ್ಕೆ ಸಿಗುವ ಉತ್ತರ ಎಂಬಿಎ. ಮಗಳೋ ಮಗನೋ ಬೆಂಗಳೂರಿನ ಯಾವುದೋ ಕಾಲೇಜಿನ ಹೆಸರು ಹೇಳುತ್ತಾರೆ. ಕಾಲೇಜಿನಿಂದ ಫೋನು ಬರುತ್ತದೆ. ಫೀಸು ಕೇಳಿ ಅಪ್ಪ ಸುಮ್ಮನಾಗುತ್ತಾರೆ. ‘ಬ್ಯಾಂಕ್ ಲೋನ್ ನಾವೇ ಮಾಡಿಸಿಕೊಡ್ತೀವಿ ಸರ್’ ಎಂದು ಆ ಕಡೆಯ ದನಿ ಧೈರ್ಯ ತುಂಬುತ್ತದೆ. ಎರಡು ವಾರದೊಳಗೆ ಸೀಟು ಖಾತ್ರಿಯಾಗಿ ಮುಂಗಡವೂ ಪಾವತಿಯಾಗಿರುತ್ತದೆ.

ಈ ಎರಡು ವಾರಗಳಲ್ಲಿ ಮನೆಯವರು ಕೇಳುವ ಪ್ರಶ್ನೆಗಳು ಎರಡೇ. ಪ್ಲೇಸ್‌ಮೆಂಟ್ ಚೆನ್ನಾಗಿದೆಯಾ? ಸಾಲ ಸಿಗುತ್ತಾ? ಎರಡಕ್ಕೂ ‘ಹೌದು’ ಎಂಬ ಉತ್ತರ ಸಲೀಸಾಗಿ ಬರುತ್ತದೆ. ಕೇಳಬೇಕಾದ ಮೂರನೆಯ ಪ್ರಶ್ನೆ ಹಾಗೇ ಉಳಿದುಬಿಡುತ್ತದೆ: ಈ ಡಿಗ್ರಿ ಮಾಡದೆ ಈಗಲೇ ಕೆಲಸಕ್ಕೆ ಸೇರಿದ್ದರೆ ಎಷ್ಟು ದುಡಿಯುತ್ತಿದ್ದೆ? ಸಾಲದ ಕಂತನ್ನು ಎಂಬಿಎ ನಂತರದ ಸಂಬಳದ ಪಕ್ಕದಲ್ಲಿಟ್ಟು ನೋಡಿದರೆ ಸಾಲ ಚಿಕ್ಕದಾಗಿಯೇ ಕಾಣುತ್ತದೆ. ಅದನ್ನು ಎಂಬಿಎಯಿಂದಾಗಿ ಹೆಚ್ಚಾದ ಸಂಬಳದ ಪಕ್ಕದಲ್ಲಿಟ್ಟು ನೋಡಬೇಕು. ಇಡೀ ಲೆಕ್ಕದ ತಿರುಳು ಇಷ್ಟೇ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಎರಡು ವರ್ಷದ ಫೀಸು, ಹಾಸ್ಟೆಲ್ ಎಲ್ಲ ಸೇರಿ 10 ಲಕ್ಷ ರೂಪಾಯಿ ಸಾಲ. ವರ್ಷದ ಆರಂಭಕ್ಕೆ ತಲಾ 5 ಲಕ್ಷದಂತೆ ಬ್ಯಾಂಕು ಕಾಲೇಜಿಗೆ ಕಟ್ಟುತ್ತದೆ. ಬಡ್ಡಿ ಶೇ 10.5 ಎಂದಿಟ್ಟುಕೊಳ್ಳಿ. ಶಿಕ್ಷಣ ಸಾಲದಲ್ಲಿ ಓದುವ ಅವಧಿ ಮತ್ತು ಅದರ ನಂತರದ ಒಂದು ವರ್ಷ ಕಂತು ಕಟ್ಟಬೇಕಿಲ್ಲ. ಇದನ್ನೇ ಮೊರಟೋರಿಯಂ ಎನ್ನುತ್ತಾರೆ. ಮೂರು ವರ್ಷ ಸಾಲ ತಣ್ಣಗೆ ಮಲಗಿರುತ್ತದೆ ಎಂದು ಅನೇಕರು ತಿಳಿದಿದ್ದಾರೆ. ಕಂತಿಗೆ ಬಿಡುವು ಇದೆ ನಿಜ, ಬಡ್ಡಿಗೆ ಬಿಡುವಿಲ್ಲ. ಮೊದಲ 5 ಲಕ್ಷಕ್ಕೆ ಮೂರು ವರ್ಷದ ಸರಳ ಬಡ್ಡಿ 1,57,500 ರೂಪಾಯಿ. ಎರಡನೆಯ 5 ಲಕ್ಷಕ್ಕೆ ಎರಡು ವರ್ಷದ ಬಡ್ಡಿ 1,05,000. ಕಂತು ಶುರುವಾಗುವ ದಿನ ಸಾಲದ ಖಾತೆಯಲ್ಲಿರುವ ಮೊತ್ತ 12,62,500 ರೂಪಾಯಿ. ಇದನ್ನು ಹತ್ತು ವರ್ಷದಲ್ಲಿ ತೀರಿಸಲು ತಿಂಗಳಿಗೆ ಸುಮಾರು 17,036 ರೂಪಾಯಿ ಇಎಂಐ ಕಟ್ಟಬೇಕು. ಹತ್ತು ವರ್ಷಕ್ಕೆ ಅದು 20.44 ಲಕ್ಷ. ಪಡೆದದ್ದರ ಎರಡು ಪಟ್ಟು.

ಕಂತು ಹೆಚ್ಚಾಯಿತು ಎಂದರೆ ಬ್ಯಾಂಕಿನವರು ಅವಧಿ ವಿಸ್ತರಿಸಬಹುದು ಎನ್ನುತ್ತಾರೆ. ಹದಿನೈದು ವರ್ಷಕ್ಕೆ ಹೋದರೆ ಇಎಂಐ 13,956ಕ್ಕೆ ಇಳಿಯುತ್ತದೆ, ಒಟ್ಟು ಪಾವತಿ ಮಾತ್ರ 25 ಲಕ್ಷ ದಾಟುತ್ತದೆ. ಇದಕ್ಕೆ ಎದುರಾಗಿ ಇನ್ನೊಂದು ದಾರಿಯಿದೆ. ಓದುವಾಗಲೇ ಬಡ್ಡಿಯನ್ನು ಕಟ್ಟುತ್ತಾ ಹೋಗುವುದು. ಮೊದಲ ವರ್ಷ ತಿಂಗಳಿಗೆ 4,375, ನಂತರದ ಎರಡು ವರ್ಷ 8,750 ರೂಪಾಯಿ ಕಟ್ಟಿದರೆ ಸಾಲ 10 ಲಕ್ಷದಲ್ಲೇ ನಿಲ್ಲುತ್ತದೆ. ಹತ್ತು ವರ್ಷದ ಇಎಂಐ 13,494ಕ್ಕೆ ಬರುತ್ತದೆ. ಒಟ್ಟಾರೆ 1.6 ಲಕ್ಷಕ್ಕೂ ಹೆಚ್ಚು ಉಳಿತಾಯ. ಹೀಗೆ ಬಡ್ಡಿ ಕಟ್ಟುವವರಿಗೆ ಕೆಲವು ಬ್ಯಾಂಕುಗಳು ದರದಲ್ಲಿ ರಿಯಾಯಿತಿಯನ್ನೂ ಕೊಡುತ್ತವೆ. ಕೇಳಿ ಪಡೆಯಬೇಕು.

ಈಗ ಸಂಬಳದ ಕಡೆ ಬರೋಣ. ಕಾಲೇಜು ಹೇಳಿದಂತೆಯೇ ‘6 ಲಕ್ಷದ ಪ್ಯಾಕೇಜ್’ ಸಿಕ್ಕಿತು ಎನ್ನೋಣ. ತಿಂಗಳಿಗೆ 50 ಸಾವಿರ ಎಂದು ಮನೆಯಲ್ಲಿ ಸಂಭ್ರಮ. ಆಫರ್ ಲೆಟರಿನ ಕೊನೆಯ ಪುಟದಲ್ಲಿರುವ ಕೋಷ್ಟಕವನ್ನು ಸಾಲು ಸಾಲಾಗಿ ಓದಿ. ಸಿಟಿಸಿ ಎಂದರೆ ಕಂಪನಿ ನಿಮ್ಮ ಮೇಲೆ ಮಾಡುವ ಒಟ್ಟು ಖರ್ಚು. ಅದರಲ್ಲಿ ಶೇ 10ರಷ್ಟು, ಅಂದರೆ 60 ಸಾವಿರ, ‘ವೇರಿಯಬಲ್ ಪೇ’ ಆಗಿರಬಹುದು. ಗುರಿ ಮುಟ್ಟಿದರೆ ಮಾತ್ರ ಅದು ವರ್ಷದ ಕೊನೆಗೆ ಬರುತ್ತದೆ. ಕಂಪನಿಯ ಪಾಲಿನ ಪಿಎಫ್ ಕನಿಷ್ಠ ಲೆಕ್ಕದಲ್ಲಿ ವರ್ಷಕ್ಕೆ 21,600, ನಿಮ್ಮ ಪಾಲಿನದ್ದೂ ಅಷ್ಟೇ. ಸಾಮಾನ್ಯವಾಗಿ ಐದು ವರ್ಷ ಒಂದೇ ಕಡೆ ದುಡಿದವರಿಗೆ ಸಿಗುವ ಗ್ರಾಚ್ಯುಟಿಯನ್ನೂ, ಸುಮಾರು 13 ಸಾವಿರ, ಇದರೊಳಗೇ ಸೇರಿಸಿರುತ್ತಾರೆ. ತಿಂಗಳಿಗೆ 200 ರೂಪಾಯಿಯಂತೆ ವೃತ್ತಿ ತೆರಿಗೆ ಇದೆ. ಹೊಸ ತೆರಿಗೆ ಪದ್ಧತಿಯಲ್ಲಿ ಈ ಸಂಬಳಕ್ಕೆ ಆದಾಯ ತೆರಿಗೆ ಬೀಳುವುದಿಲ್ಲ ಎಂಬುದೊಂದು ಸಮಾಧಾನ. ಎಲ್ಲ ಕಳೆದು ಬ್ಯಾಂಕ್ ಖಾತೆಗೆ ಬೀಳುವುದು ಸುಮಾರು 40 ಸಾವಿರ.

ಇದೇ ಹುಡುಗ ಎಂಬಿಎಗೆ ಸೇರದೆ, ಬಿ.ಕಾಂ. ಮುಗಿಸಿದ ಕೂಡಲೇ ಲೆಕ್ಕಪತ್ರ ವಿಭಾಗದಲ್ಲೋ ಬ್ಯಾಕ್ ಆಫೀಸಿನಲ್ಲೋ ತಿಂಗಳಿಗೆ 20 ಸಾವಿರಕ್ಕೆ ಕೆಲಸ ಹಿಡಿದಿದ್ದರೆ? ಎರಡನೇ ವರ್ಷ 22 ಸಾವಿರ, ಮೂರನೇ ವರ್ಷ 24,500, ನಾಲ್ಕನೇ ವರ್ಷಕ್ಕೆ 27 ಸಾವಿರ ಆಗಿರುತ್ತಿತ್ತು ಎನ್ನೋಣ. ಎಂಬಿಎ ಮಾಡಿದವನಿಗೆ ಕಂತು ಶುರುವಾಗುವುದು ಆ ನಾಲ್ಕನೇ ವರ್ಷದಲ್ಲಿ. ಅಷ್ಟರಲ್ಲಿ ಅವನ ಸಂಬಳವೂ ಸ್ವಲ್ಪ ಏರಿ 43 ಸಾವಿರ ಆಗಿದೆ. ಡಿಗ್ರಿ ತಂದುಕೊಟ್ಟ ಹೆಚ್ಚಳ 16 ಸಾವಿರ, ಕಟ್ಟಬೇಕಾದ ಕಂತು 17,036. ಹೆಚ್ಚಳವಷ್ಟೂ ಕಂತಿಗೆ ಹೋಗಿ, ಮೇಲೆ ಸಾವಿರ ರೂಪಾಯಿ ಕೈಯಿಂದ ಹಾಕಬೇಕು. ಜೊತೆಗೆ ಎರಡು ವರ್ಷ ದುಡಿಯದೆ ಬಿಟ್ಟ 5 ಲಕ್ಷ ರೂಪಾಯಿ ಸಂಬಳವನ್ನೂ ಈ ಡಿಗ್ರಿಯ ಖರ್ಚಿಗೇ ಸೇರಿಸಬೇಕು. ಅದನ್ನು ಯಾವ ಕಾಲೇಜಿನ ಫೀಸು ಪಟ್ಟಿಯಲ್ಲೂ ಬರೆದಿರುವುದಿಲ್ಲ.

ಮುಂದೆ ಎಂಬಿಎಯವನಿಗೆ ವರ್ಷಕ್ಕೆ ಶೇ 10, ಇನ್ನೊಬ್ಬನಿಗೆ ಶೇ 8 ಸಂಬಳ ಏರುತ್ತದೆ ಎಂದು ಹಿಡಿದು ಲೆಕ್ಕ ಮುಂದುವರಿಸಿದರೆ, ಬಿಟ್ಟ ಸಂಬಳವೂ ಕಟ್ಟಿದ ಕಂತೂ ಸರಿದೂಗುವುದು ಕೋರ್ಸಿಗೆ ಸೇರಿದ ಒಂಬತ್ತನೇ ವರ್ಷದಲ್ಲಿ. ಅಲ್ಲಿಂದಾಚೆಗೆ ಲಾಭ. ಅಂದರೆ ಇದು ಕೆಟ್ಟ ವ್ಯವಹಾರವೇನಲ್ಲ, ನಿಧಾನದ ವ್ಯವಹಾರ. ಅಲ್ಲಿಯವರೆಗೆ ಕೆಲಸ ತಪ್ಪದೆ, ಸಂಬಳ ಏರುತ್ತಲೇ ಇದ್ದರೆ ಮಾತ್ರ ಅದು ಕೈಹಿಡಿಯುತ್ತದೆ. ಪ್ಯಾಕೇಜು 6 ಲಕ್ಷದ ಬದಲು 4.5 ಲಕ್ಷ ಆದರೆ ಚಿತ್ರವೇ ಬದಲಾಗುತ್ತದೆ. ಕೈಗೆ ಬರುವುದು 29 ಸಾವಿರ, ವರ್ಷದ ನಂತರ 31 ಸಾವಿರ. ಹೆಚ್ಚಳ 4 ಸಾವಿರವಾದರೂ ಕಂತು ಅದೇ 17 ಸಾವಿರ. ಬೆಂಗಳೂರಿನ ಪಿಜಿ ಬಾಡಿಗೆ, ಊಟ, ಬಸ್ಸು, ಮೆಟ್ರೊ ಕಳೆದರೆ ಊರಿಗೆ ಕಳಿಸಲು ಏನೂ ಉಳಿಯದು. ಕೊನೆಗೆ ಕಂತಿನ ಒಂದು ಪಾಲನ್ನು ಅಪ್ಪನೇ ಕಟ್ಟಬೇಕಾಗುತ್ತದೆ.

ಈಗ ಇನ್ನೊಂದು ದಾರಿ ನೋಡಿ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಪಿಜಿಸಿಇಟಿ ಬರೆದು, ಸರ್ಕಾರಿ ವಿಶ್ವವಿದ್ಯಾಲಯದ ವಿಭಾಗದಲ್ಲಿ ಸೀಟು ಪಡೆದವಳ ಒಟ್ಟು ಸಾಲ 3 ಲಕ್ಷ ಎನ್ನೋಣ. ಅದೇ ಬಡ್ಡಿ, ಅದೇ ಅವಧಿ. ಇಎಂಐ 5,111 ರೂಪಾಯಿ. ಅವಳಿಗೆ ಆರಂಭದಲ್ಲಿ ಸಿಕ್ಕಿದ್ದು 32 ಸಾವಿರ, ಕಂತು ಶುರುವಾಗುವಾಗ 35 ಸಾವಿರ. ಸಂಬಳ ಖಾಸಗಿ ಕಾಲೇಜಿನವನಿಗಿಂತ 8 ಸಾವಿರ ಕಡಿಮೆ. ಆದರೂ ಹೆಚ್ಚಳ 8 ಸಾವಿರದಲ್ಲಿ ಕಂತು ಕಳೆದು ತಿಂಗಳಿಗೆ ಸುಮಾರು 2,900 ರೂಪಾಯಿ ಅವಳಿಗೆ ಉಳಿಯುತ್ತದೆ. ಕಡಿಮೆ ಸಂಬಳದವಳು ಮೊದಲ ತಿಂಗಳಿಂದಲೇ ಮುಂದಿದ್ದಾಳೆ. ಪ್ರವೇಶ ಪರೀಕ್ಷೆಗೆಂದು ಮೂರು ತಿಂಗಳು ಕುಳಿತು ಓದಿದ್ದರ ಬೆಲೆ ಇದು.

ಏಣಿಯ ಮೇಲ್ತುದಿಯ ಕತೆ ಬೇರೆ. 1973ರಿಂದ ನಡೆಯುತ್ತಿರುವ ಬೆಂಗಳೂರಿನ ಐಐಎಂನಲ್ಲಿ ಎರಡು ವರ್ಷದ ಫೀಸು 25 ಲಕ್ಷದ ಆಸುಪಾಸು. ಕೇಳಿದರೆ ಎದೆ ಝಲ್ಲೆನ್ನುತ್ತದೆ. ಆದರೆ ಅಲ್ಲಿ ಮುಗಿಸಿದವರ ಆರಂಭದ ಪ್ಯಾಕೇಜು ವರ್ಷಕ್ಕೆ 30 ಲಕ್ಷದ ಆಸುಪಾಸಿನಲ್ಲಿರುವುದರಿಂದ ಕಂತು ಹೊರೆಯಾಗುವುದಿಲ್ಲ. ಬ್ಯಾಂಕುಗಳೂ ಇಂಥ ಸಂಸ್ಥೆಗಳ ವಿದ್ಯಾರ್ಥಿಗಳಿಗೆ ಕಡಿಮೆ ಬಡ್ಡಿಗೆ, ಅಡಮಾನ ಕೇಳದೆ ಸಾಲ ಕೊಡುತ್ತವೆ. 25 ಲಕ್ಷದ ಸಾಲ ಸಲೀಸಾಗಿ ತೀರುತ್ತದೆ, 10 ಲಕ್ಷದ ಸಾಲ ಕತ್ತು ಹಿಸುಕುತ್ತದೆ. ಸಾಲದ ಗಾತ್ರವೊಂದನ್ನೇ ನೋಡಿ ಹೆದರಬೇಕಾಗಿಲ್ಲ, ಧೈರ್ಯಪಡಬೇಕಾಗಿಯೂ ಇಲ್ಲ. ಅದು ತರುವ ಹೆಚ್ಚಳವನ್ನು ನೋಡಬೇಕು. ಕಷ್ಟಕ್ಕೆ ಸಿಲುಕುವವರು ಹೆಚ್ಚಾಗಿ ಸರ್ಕಾರಿ ವಿಭಾಗ ಮತ್ತು ಐಐಎಂಗಳ ನಡುವಿನ ಕಾಲೇಜುಗಳ ವಿದ್ಯಾರ್ಥಿಗಳು. ಅಲ್ಲಿ ಫೀಸು ದೊಡ್ಡ ಕಾಲೇಜುಗಳತ್ತ ಏರುತ್ತಿದೆ, ಸಂಬಳ ಸಾಧಾರಣ ಪದವೀಧರನ ಸಂಬಳದ ಹತ್ತಿರವೇ ನಿಂತಿದೆ.

ಹಾಗಾದರೆ ಆ ಕಾಲೇಜಿನ ನಿಜವಾದ ಸಂಬಳ ತಿಳಿಯುವುದು ಹೇಗೆ? ಜಾಹೀರಾತಿನಲ್ಲಿ ‘ಹೈಯೆಸ್ಟ್ ಪ್ಯಾಕೇಜ್’ ಮತ್ತು ‘ಆವರೇಜ್ ಪ್ಯಾಕೇಜ್’ ಎಂದು ಎರಡು ಅಂಕಿ ಇರುತ್ತದೆ. ಅರವತ್ತು ಮಂದಿಯ ಒಂದು ತರಗತಿಯನ್ನು ಕಲ್ಪಿಸಿಕೊಳ್ಳಿ. ಇಬ್ಬರಿಗೆ 20 ಲಕ್ಷ, 24 ಮಂದಿಗೆ 5 ಲಕ್ಷ, 12 ಮಂದಿಗೆ 3.5 ಲಕ್ಷ ಸಿಕ್ಕಿದೆ. ಉಳಿದ 22 ಮಂದಿಗೆ ಕ್ಯಾಂಪಸ್‌ನಲ್ಲಿ ಕೆಲಸ ಸಿಕ್ಕಿಲ್ಲ. ಕೆಲಸ ಸಿಕ್ಕವರ ಸರಾಸರಿ ಮಾತ್ರ ತೆಗೆದರೆ 5.3 ಲಕ್ಷ. ಇಡೀ ತರಗತಿಯನ್ನು ಸಂಬಳದ ಏರಿಕೆಯ ಕ್ರಮದಲ್ಲಿ ನಿಲ್ಲಿಸಿ ಸರಿಯಾಗಿ ಮಧ್ಯದಲ್ಲಿ ನಿಂತವನನ್ನು ಕೇಳಿದರೆ 3.5 ಲಕ್ಷ. ಇದನ್ನೇ ಮೀಡಿಯನ್ ಅಥವಾ ಮಧ್ಯಾಂಕ ಎನ್ನುತ್ತಾರೆ. ನಿಮ್ಮ ಮಗ ಆ ಇಬ್ಬರಲ್ಲಿ ಒಬ್ಬನಾಗಬಹುದು ನಿಜ. ಸಾಲದ ಲೆಕ್ಕವನ್ನು ಮಾತ್ರ ಮಧ್ಯದಲ್ಲಿ ನಿಂತವನ ಸಂಬಳದ ಮೇಲೆಯೇ ಹಾಕಬೇಕು.

ಈ ಅಂಕಿ ಗುಟ್ಟಿನದ್ದೇನಲ್ಲ. ಕೇಂದ್ರ ಶಿಕ್ಷಣ ಸಚಿವಾಲಯದ ಎನ್‌ಐಆರ್‌ಎಫ್ ರ‍್ಯಾಂಕಿಂಗ್ 2016ರಿಂದ ಪ್ರಕಟವಾಗುತ್ತಿದೆ. ಅದರಲ್ಲಿ ಭಾಗವಹಿಸುವ ಕಾಲೇಜು ಪ್ರತಿ ವರ್ಷ ಎಷ್ಟು ಮಂದಿ ಪಾಸಾದರು, ಎಷ್ಟು ಮಂದಿಗೆ ಕೆಲಸ ಸಿಕ್ಕಿತು, ಕೆಲಸ ಸಿಕ್ಕವರ ಮೀಡಿಯನ್ ಸಂಬಳ ಎಷ್ಟು ಎಂದು ಸಲ್ಲಿಸಬೇಕು. ಆ ದಾಖಲೆ ಸಾರ್ವಜನಿಕವಾಗಿಯೇ ಸಿಗುತ್ತದೆ. ಅಲ್ಲಿರುವುದೂ ಕಾಲೇಜೇ ಕೊಟ್ಟ ಮಾಹಿತಿ ಎಂಬುದು ನೆನಪಿರಲಿ. ಆದರೂ ಅದನ್ನು ಜಾಹೀರಾತಿನ ಅಂಕಿಯ ಪಕ್ಕದಲ್ಲಿಟ್ಟು ನೋಡಿದರೆ ಬಹಳಷ್ಟು ಬೆಳಕು ಬೀಳುತ್ತದೆ. ಕಾಲೇಜು ಅಲ್ಲಿ ಹೆಸರೇ ಕೊಟ್ಟಿಲ್ಲವಾದರೆ, ಹಿಂದಿನ ವರ್ಷ ಮುಗಿಸಿದ ಐದಾರು ಮಂದಿಯನ್ನು ನೀವೇ ಹುಡುಕಿ ಮಾತಾಡಿ. ಯಾವ ಕೆಲಸ, ಕೈಗೆಷ್ಟು, ಆ ಕೆಲಸಕ್ಕೆ ಎಂಬಿಎ ಬೇಕೇ ಬೇಕಿತ್ತೇ ಎಂದು ಕೇಳಿ. ವಿಮೆ ಮಾರುವ, ಕಾರ್ಡು ಮಾರುವ ಕೆಲಸಕ್ಕೆ ಯಾವ ಪದವಿಯಾದರೂ ಸಾಕು. ಅಂಥ ಕೆಲಸಕ್ಕೆ 10 ಲಕ್ಷ ಸಾಲ ಮಾಡುವ ಅಗತ್ಯವಿಲ್ಲ.

ಸಾಲ ಕೊಡುವಾಗ ಬ್ಯಾಂಕು ಏನು ಕೇಳುತ್ತದೆ ಎಂಬುದೂ ಮುಖ್ಯ. ಭಾರತೀಯ ಬ್ಯಾಂಕುಗಳ ಸಂಘದ ಮಾದರಿ ಯೋಜನೆಯಂತೆ 4 ಲಕ್ಷದವರೆಗೆ ಅಡಮಾನವಿಲ್ಲ. ಅದನ್ನು ಮೀರಿದರೆ ಖರ್ಚಿನ ಶೇ 5ರಷ್ಟನ್ನು ಮನೆಯವರೇ ಹಾಕಬೇಕು. 7.5 ಲಕ್ಷ ಮೀರಿದರೆ ಆಸ್ತಿಯನ್ನೇ ಅಡವಿಡಬೇಕು. ಸಾಲ ವಸೂಲಿಗೆ ಬ್ಯಾಂಕುಗಳು ಬಳಸುವ 2002ರ ಸರ್ಫೇಸಿ ಕಾಯ್ದೆ ಕೃಷಿ ಭೂಮಿಗೆ ಅನ್ವಯಿಸುವುದಿಲ್ಲ. ಹಾಗಾಗಿ ಹೊಲ, ತೋಟ ತೋರಿಸಿದರೆ ಬ್ಯಾಂಕುಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ. ಅಡವಿಗೆ ಹೋಗುವುದು ವಾಸದ ಮನೆ. ಹಳ್ಳಿಯಲ್ಲಾದರೆ ಅದಕ್ಕೆ ಇ-ಸ್ವತ್ತಿನ ನಮೂನೆ 9 ಮತ್ತು 11 ಬೇಕು. ಪಂಚಾಯಿತಿಗೆ ಅಲೆದು ಆ ಕಾಗದ ಹೊಂದಿಸುವ ಅಪ್ಪ ಸಾಲದಲ್ಲಿ ಸಹ-ಸಾಲಗಾರನೂ ಆಗಿರುತ್ತಾನೆ. ಕಂತು 90 ದಿನ ತಪ್ಪಿದರೆ ಸಾಲ ಎನ್‌ಪಿಎ, ಅಂದರೆ ವಸೂಲಾಗದ ಸಾಲ, ಆಗುತ್ತದೆ. ಆಗ ಮಗನ ಜೊತೆಗೆ ಅಪ್ಪನ ಸಿಬಿಲ್ ಅಂಕವೂ ಕೆಡುತ್ತದೆ. ನಾಳೆ ಅವರಿಗೆ ಬೇರೊಂದು ಸಾಲ ಬೇಕಾದಾಗ ಇದು ಅಡ್ಡ ಬರುತ್ತದೆ. ಇಂಥ ಕಾಗದಪತ್ರದ ಗೋಜಿಲ್ಲದೆ ಬೇಗ ಸಾಲ ಕೊಡುವ ಬ್ಯಾಂಕೇತರ ಹಣಕಾಸು ಕಂಪನಿಗಳಿವೆ. ಅವುಗಳ ಬಡ್ಡಿ ಸಾಮಾನ್ಯವಾಗಿ ಸರ್ಕಾರಿ ಬ್ಯಾಂಕಿಗಿಂತ ಹೆಚ್ಚು, ಓದುವಾಗಲೇ ಬಡ್ಡಿ ಕಟ್ಟಲು ಹೇಳುವುದೂ ಉಂಟು. ಕಾಲೇಜೇ ‘ಲೋನ್ ಮಾಡಿಸಿಕೊಡ್ತೀವಿ’ ಎಂದಾಗ ಆ ಸಾಲ ಕೊಡುವವರು ಯಾರು ಎಂದು ಮೊದಲು ಕೇಳಿ.

ಸರ್ಕಾರದ ನೆರವು ಇದೆ, ಬಳಸಿಕೊಳ್ಳುವವರು ಕಡಿಮೆ. ಕೇಂದ್ರ ಸಂಪುಟ 2024ರ ನವೆಂಬರ್‌ನಲ್ಲಿ ಒಪ್ಪಿದ ಪಿಎಂ-ವಿದ್ಯಾಲಕ್ಷ್ಮಿ ಯೋಜನೆಯಡಿ, ಆಯ್ದ ಉತ್ತಮ ಸಂಸ್ಥೆಗಳಲ್ಲಿ ಸೀಟು ಪಡೆದವರಿಗೆ ಅಡಮಾನ, ಜಾಮೀನು ಎರಡೂ ಇಲ್ಲದೆ ಸಾಲ ಸಿಗುತ್ತದೆ. ಕುಟುಂಬದ ಆದಾಯ 8 ಲಕ್ಷದೊಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಮೊರಟೋರಿಯಂ ಅವಧಿಯಲ್ಲಿ ಶೇ 3ರ ಬಡ್ಡಿ ಸಹಾಯಧನಕ್ಕೆ ಅರ್ಜಿ ಹಾಕಬಹುದು. ಮ್ಯಾನೇಜ್‌ಮೆಂಟ್ ಕೋಟಾದ ಸೀಟಿಗೆ ಇದು ಅನ್ವಯಿಸುವುದಿಲ್ಲ. ಆದಾಯ 4.5 ಲಕ್ಷದೊಳಗಿರುವ ಕುಟುಂಬದವರು ವೃತ್ತಿಪರ ಕೋರ್ಸು ಓದುವಾಗ ಆ ಅವಧಿಯ ಪೂರ್ತಿ ಬಡ್ಡಿಯನ್ನು ಕೇಂದ್ರವೇ ಭರಿಸುವ ಯೋಜನೆಯೂ ಇದೆ. ರಾಜ್ಯದಲ್ಲಿ ದೇವರಾಜ ಅರಸು ಹಿಂದುಳಿದ ವರ್ಗಗಳ ಅಭಿವೃದ್ಧಿ ನಿಗಮ ಮತ್ತು ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮಗಳ ‘ಅರಿವು’ ಸಾಲವಿದೆ. ಬಡ್ಡಿ ಶೇ 2. ಇನ್ನು 80ಇ ಕಲಮಿನಡಿ ಬಡ್ಡಿಗೆ ತೆರಿಗೆ ವಿನಾಯಿತಿ ಸಿಗುತ್ತದೆ ಎಂಬ ಮಾತನ್ನು ಎಲ್ಲರೂ ಹೇಳುತ್ತಾರೆ. ಅದು ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ. ತೆರಿಗೆಯೇ ಬೀಳದ 6 ಲಕ್ಷ ಸಂಬಳದವನಿಗೆ ಅದರಿಂದ ಬಿಡಿಗಾಸಿನ ಪ್ರಯೋಜನವಿಲ್ಲ.

ವಿದೇಶದ ಎಂಬಿಎ ಎಂದು ಮನೆ ಅಡವಿಟ್ಟು ಹೊರಡುವವರಿಗೆ ಒಂದು ಮಾತು. ಆ ಲೆಕ್ಕ ನಿಂತಿರುವುದು ಅಲ್ಲಿಯೇ ಕೆಲವು ವರ್ಷ ದುಡಿಯಲು ಸಿಗುವ ಅವಕಾಶದ ಮೇಲೆ. ಅಮೆರಿಕ 2025ರ ಸೆಪ್ಟೆಂಬರ್‌ನಲ್ಲಿ ಹೊಸ ಎಚ್-1ಬಿ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ಘೋಷಿಸಿತು. ಬ್ರಿಟನ್ ಓದಿನ ನಂತರ ಉಳಿಯಲು ಕೊಡುತ್ತಿದ್ದ ಎರಡು ವರ್ಷವನ್ನು 2027ರಿಂದ 18 ತಿಂಗಳಿಗೆ ಇಳಿಸಲು ನಿರ್ಧರಿಸಿದೆ. ಡಾಲರ್, ಪೌಂಡಿನಲ್ಲಿ ಸಂಬಳ ಬಂದರೆ ತೀರುವ 40 ಲಕ್ಷದ ಸಾಲ, ಬೆಂಗಳೂರಿನ ರೂಪಾಯಿ ಸಂಬಳದಲ್ಲಿ ತೀರುವುದು ಬಹಳ ಕಷ್ಟ. ಹಿಂದಿರುಗಿ ಬಂದರೂ ಕಂತು ಕಟ್ಟಬಲ್ಲೆನೇ ಎಂದು ಕೇಳಿಕೊಂಡೇ ವಿಮಾನ ಹತ್ತಬೇಕು.

ಎಂಬಿಎ ಬೇಡವೆಂದು ನಾನು ಹೇಳುತ್ತಿಲ್ಲ. ಮನೆಯಲ್ಲಿ ಮೊದಲ ಬಾರಿಗೆ ಪದವಿ ಪಡೆದ ಹುಡುಗಿಗೆ ಆ ಎರಡು ವರ್ಷ ಕೊಡುವ ಧೈರ್ಯ, ಇಂಗ್ಲಿಷಿನ ಮೇಲಿನ ಹಿಡಿತ, ಗೆಳೆಯರ ಬಳಗ, ನಾಲ್ಕು ಜನರ ಎದುರು ನಿಂತು ತನ್ನ ಮಾತು ಮಂಡಿಸುವ ಕಲೆ, ಇವೆಲ್ಲ ನಿಜವಾದ ಗಳಿಕೆ. ನಾಳೆಯ ಬಡ್ತಿಗಳು ಇವುಗಳಿಂದಲೇ ಬರುತ್ತವೆ. ಆದರೆ ಆ ಗಳಿಕೆಗೆ ಸರಿಯಾದ ಹೊತ್ತೂ ಸರಿಯಾದ ಬೆಲೆಯೂ ಇವೆ. ಎರಡು ಮೂರು ವರ್ಷ ದುಡಿದು ನಂತರ ಸೇರುವವರಿಗೆ ಒಂದಿಷ್ಟು ಉಳಿತಾಯವಿರುತ್ತದೆ. ಮಾರಾಟವೋ ಹಣಕಾಸೋ ಮಾನವ ಸಂಪನ್ಮೂಲವೋ ತನಗೆ ಯಾವುದು ಒಗ್ಗುತ್ತದೆಂಬ ತಿಳಿವಳಿಕೆ ಇರುತ್ತದೆ. ಕಂಪನಿಗಳೂ ಅನುಭವವಿದ್ದವರಿಗೆ ಹೆಚ್ಚು ಕೊಡುತ್ತವೆ. ಕೆಲಸ ಬಿಡಲಾಗದವರಿಗೆ ಇಗ್ನೊ ಮತ್ತು ಮೈಸೂರಿನ ಮುಕ್ತ ವಿಶ್ವವಿದ್ಯಾಲಯದ ಎಂಬಿಎ ಇದೆ. ಸಂಬಳವನ್ನೂ ಬಿಡಬೇಕಿಲ್ಲ, ದೊಡ್ಡ ಸಾಲವನ್ನೂ ಮಾಡಬೇಕಿಲ್ಲ. ಲೆಕ್ಕಶಾಸ್ತ್ರದಲ್ಲಿ ಆಸಕ್ತಿಯಿರುವ ಬಿ.ಕಾಂ. ವಿದ್ಯಾರ್ಥಿಗೆ ಸಿಎ, ಸಿಎಂಎ ಇವೆ. ಪಾಸಾಗುವುದು ಕಠಿಣ, ಆದರೆ ಫೀಸು ಎಂಬಿಎಯ ಒಂದು ಸಣ್ಣ ಪಾಲು, ಆರ್ಟಿಕಲ್‌ಷಿಪ್ ಅವಧಿಯಲ್ಲಿ ಸ್ಟೈಪೆಂಡ್ ಕೂಡ ಸಿಗುತ್ತದೆ.

ಸರ್ಕಾರ ಮಾಡಬಹುದಾದ ಕೆಲಸವೊಂದಿದೆ. ಪ್ರತಿ ಎಂಬಿಎ ಕಾಲೇಜೂ ತನ್ನ ಅರ್ಜಿ ನಮೂನೆಯ ಮೊದಲ ಪುಟದಲ್ಲೇ ಒಟ್ಟು ಫೀಸು, ಕಳೆದ ವರ್ಷ ಸೇರಿದವರು, ಕೆಲಸ ಸಿಕ್ಕವರು, ಮೀಡಿಯನ್ ಸಂಬಳ ಈ ನಾಲ್ಕು ಅಂಕಿಗಳನ್ನು ಕನ್ನಡದಲ್ಲಿ, ಲೆಕ್ಕಪರಿಶೋಧಕರ ಸಹಿಯೊಂದಿಗೆ ಮುದ್ರಿಸುವುದನ್ನು ಕಡ್ಡಾಯ ಮಾಡಬೇಕು. ಮನೆಯನ್ನೇ ಅಡವಿಡಲು ಹೊರಟವರಿಗೆ ಇಷ್ಟು ತಿಳಿಯುವ ಹಕ್ಕಿದೆ.

ಆ ದಿನ ಬರುವವರೆಗೆ ಲೆಕ್ಕ ನಮ್ಮದೇ ಹೊಣೆ. ಮುಂಗಡ ಕಟ್ಟುವ ಮೊದಲು ಒಂದು ಹಾಳೆಯಲ್ಲಿ ನಾಲ್ಕು ಸಾಲು ಬರೆಯಿರಿ: ಮೊರಟೋರಿಯಂ ಬಡ್ಡಿ ಸೇರಿಸಿದ ಸಾಲದ ತಿಂಗಳ ಕಂತು, ಆ ಕಾಲೇಜಿನ ಮಧ್ಯಾಂಕ ಸಂಬಳದಲ್ಲಿ ಕೈಗೆ ಬರುವ ಮೊತ್ತ, ಎಂಬಿಎ ಇಲ್ಲದೆ ಅದೇ ಹೊತ್ತಿಗೆ ಸಿಗುತ್ತಿದ್ದ ಸಂಬಳ, ಇವೆರಡರ ನಡುವಿನ ವ್ಯತ್ಯಾಸ. ಈ ವ್ಯತ್ಯಾಸ ಕಂತಿಗಿಂತ ಹೆಚ್ಚಿದ್ದರೆ ಧೈರ್ಯವಾಗಿ ಸಹಿ ಹಾಕಿ. ಕಡಿಮೆಯಿದ್ದರೆ ಕಾಲೇಜು ಬದಲಿಸಿ, ಇಲ್ಲವೇ ಒಂದು ವರ್ಷ ಕಾಯಿರಿ. ಇಪ್ಪತ್ತೊಂದರ ವಯಸ್ಸಿನಲ್ಲಿ ಒಂದು ವರ್ಷ ತಡವಾದರೆ ಏನೂ ಕೆಡುವುದಿಲ್ಲ. ಲೆಕ್ಕ ನೋಡದೆ ಮಾಡಿದ ಸಾಲವನ್ನು ಮಾತ್ರ ಮೂವತ್ತು ದಾಟಿದ ಮೇಲೂ ತೀರಿಸುತ್ತಲೇ ಇರಬೇಕಾಗುತ್ತದೆ.